ನಾನು ಬಿಡಿಸಿದ ಕಾಫಿ ಹೂವು ಸೀರೆ ಮೇಲೆ ಬರತ್ತಾ?

ಪ್ರಶ್ನೆ: ಮೇಡಂ, ಕಾಫಿ ಹೂವು, ಏಲಕ್ಕಿ ಎಲೆ ಎಲ್ಲಾ ವಾಟರ್‌ಕಲರ್‌ನಲ್ಲಿ ಬಿಡಿಸ್ತೀನಿ. ಸೀರೆ, ಕುರ್ತಾ ಬಟ್ಟೆಗೆ ಪ್ರಿಂಟ್ ಹಾಕಿಸ್ಬೋದಾ? ಮೊಬೈಲ್ ಫೋಟೋ ಸಾಕಾ?
- ಓದುಗರು, ವಿರಾಜಪೇಟೆ

ಉತ್ತರ: ಖಂಡಿತ ಹಾಕಿಸಿ, ಕಂಪ್ಯೂಟರ್ ಫೈಲಿಂದ ಬಟ್ಟೆಗೆ ಹಾಕೋ ಡಿಜಿಟಲ್ ಪ್ರಿಂಟ್ ಇದೆ, ಆದ್ರೆ ಫೋಟೋ ಬೇಡಮ್ಮ, ಬಣ್ಣ ಬದಲಾಗತ್ತೆ, ಸ್ಕ್ಯಾನ್ ಮಾಡ್ಸಿ, ಕನಿಷ್ಠ 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ ಅನ್ನೋ ಲೆಕ್ಕ), ದೊಡ್ಡದು ಮಾಡೋದಿದ್ರೆ 600. ಕುರ್ತಾಗೆ ಚಿತ್ರ ಮತ್ತೆ ಮತ್ತೆ ಬರ್ಬೇಕಲ್ವಾ, ಎಡ ಅಂಚು ಬಲಕ್ಕೆ, ಮೇಲಿಂದು ಕೆಳಗಿಂದಕ್ಕೆ ಕೂಡೋ ಹಾಗೆ ರಿಪೀಟ್ ಮಾಡ್ಸಿ, ಇಲ್ಲಾಂದ್ರೆ ಗೆರೆ ಎದ್ದು ಕಾಣತ್ತೆ. ಕಾಟನ್‌ಗೆ, ರೇಷ್ಮೆಗೆ ರಿಯಾಕ್ಟಿವ್ ಇಂಕ್ (ನೂಲಿನ ಜೊತೆ ಬೆಸೆಯೋ ಬಣ್ಣ) ಕೇಳಿ, ಪ್ರಿಂಟ್ ಆದ್ಮೇಲೆ ಹಬೆ ಕೊಟ್ಟು ತೊಳೆದ್ರೇನೇ ಬಣ್ಣ ನಿಲ್ಲೋದು. ಸಬ್ಲಿಮೇಶನ್, ಅಂದ್ರೆ ಬಿಸಿ ಕೊಟ್ಟು ಬಣ್ಣ ಬಟ್ಟೆಗೆ ಇಳಿಸೋದು, ಅದು ಪಾಲಿಯೆಸ್ಟರ್‌ಗೆ.

ಕಾಫಿ ಹೂವು ಬಿಳಿ ಅಲ್ವಾ, ಈ ಪ್ರಿಂಟಲ್ಲಿ ಸಾಮಾನ್ಯವಾಗಿ ಬಿಳಿ ಇಂಕ್ ಇರಲ್ಲ, ಬಟ್ಟೆ ಬಣ್ಣಾನೇ ಹೂವಾಗಿ ಉಳಿಯತ್ತೆ, ಹಾಗಾಗಿ ಬಿಳಿ ಬಟ್ಟೆ ತಗೊಂಡು ಸುತ್ತ ಹಸಿರು ತುಂಬ್ಸಿ. ಮೊದ್ಲು ಸಣ್ಣ ತುಂಡು ಸ್ಯಾಂಪಲ್ ತರ್ಸಿ, ಒಗೆದು ನೋಡಿ.

ಸೀರೆ ಕೊಡವ ಶೈಲಿಲಿ ಉಡೋದಾದ್ರೆ ನೆರಿಗೆ ಹಿಂದಕ್ಕೆ ಹೋಗತ್ತೆ, ಸೆರಗು ಬಲ ಭುಜದ ಮೇಲೆ ಕೂರತ್ತೆ, ಇದನ್ನ ಬಹಳ ಜನ ಯೋಚ್ನೇನೇ ಮಾಡಲ್ಲ, ಒಂದು ಹಳೇ ಸೀರೆ ಉಟ್ಟು ಹೂಗೊಂಚಲು ಎಲ್ಲಿ ಕಾಣ್ಬೇಕು ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕ್ಕೊಂಡು ಆಮೇಲೆ ಫೈಲ್ ರೆಡಿ ಮಾಡ್ಸಿ.