ಕಂಡದ್ದು ಜೇಡ, ಕಚ್ಚಿದ್ದೂ ಅದೇನಾ?

ಪ್ರಶ್ನೆ: ಸರ್, ನಮ್ಮದು ಚಳ್ಳಕೆರೆ ಹತ್ತಿರದ ಹಳ್ಳಿ, ಹೆಂಚಿನ ಮನೆ. ಶೇಂಗಾ ಚೀಲ ಇಟ್ಟಿರುವ ಕೋಣೆಯಲ್ಲಿ ಅಂಗೈ ಅಗಲದ ಕಂದು ಜೇಡ ಇದೆ, ಹೊಟ್ಟೆ ಕೆಳಗೆ ಬಿಳಿ ಬಿಲ್ಲೆ ಹಿಡಿದುಕೊಂಡು ಗೋಡೆ ಮೇಲೆ ಓಡಾಡುತ್ತದೆ. ದಾವಣಗೆರೆಯಲ್ಲಿರುವ ನನ್ನ ತಂಗಿಗೆ ಮೊನ್ನೆ ಬೆಳಗ್ಗೆ ಕತ್ತಿನ ಮೇಲೆ ಗೆರೆ ಎಳೆದ ಹಾಗೆ ಉರಿ ಗುಳ್ಳೆ ಎದ್ದಿದ್ದವು, ಜೇಡ ಹರಿದಿದೆ ಅಂದರು. ಇವು ವಿಷದ್ದಾ? ಕಚ್ಚಿದರೆ ಏನು ಮಾಡಬೇಕು?

ಉತ್ತರ: ಮೊದಲು ಗೋಡೆ ಮೇಲಿರುವುದರ ವಿಷಯ. ಆ ಬಿಳಿ ಬಿಲ್ಲೆ ಮೊಟ್ಟೆಚೀಲ. ನೀವು ಹೇಳಿದ್ದೆಲ್ಲ ಹಂಟ್ಸ್‌ಮನ್ ಅನ್ನುವ ಜೇಡಕ್ಕೆ ಹೊಂದುತ್ತದೆ. ಇದು ಬಲೆ ಕಟ್ಟುವುದಿಲ್ಲ, ರಾತ್ರಿ ಓಡಾಡಿ ಜಿರಲೆ ಹಿಡಿದು ತಿನ್ನುತ್ತದೆ. ಕೈಯಲ್ಲಿ ಹಿಡಿದರೆ ಕಚ್ಚಬಹುದು, ಸ್ವಲ್ಪ ನೋವು, ಊತ, ಅಷ್ಟೇ. ದಯವಿಟ್ಟು ಕೊಲ್ಲಬೇಡಿ. ಮೂಲೆಯಲ್ಲಿ ನೇತಾಡುವ ಕಡ್ಡಿಕಾಲಿನ ಜೇಡ, ಕಿಟಕಿಯಲ್ಲಿ ನೆಗೆದು ನೊಣ ಹಿಡಿಯುವ ಪುಟಾಣಿ ಜೇಡ, ಇವುಗಳಿಂದಲೂ ಭಯ ಇಲ್ಲ.

ಹಾಗಂತ ವಿಷವೇ ಇಲ್ಲ ಅಂತಲ್ಲ. ಬಹುತೇಕ ಎಲ್ಲಾ ಜೇಡಗಳಿಗೂ ವಿಷ ಇದೆ, ಆದರೆ ಅದು ಹುಳಹುಪ್ಪಟೆ ಕೊಲ್ಲುವುದಕ್ಕೆ. ನಮಗೆ ತೊಂದರೆ ಕೊಡುವವು ತೀರಾ ಕಡಿಮೆ. ಗೊತ್ತಿರಬೇಕಾದದ್ದು ವಿಡೋ ಅನ್ನುವ ಜೇಡಗಳ ಗುಂಪು, ಅದರ ಕೆಲವು ಜಾತಿ ಭಾರತದಲ್ಲೂ ಇವೆ. ಹೆಣ್ಣಿನ ಮೈ ಒಂದು ಸೆಂಟಿಮೀಟರ್ ಆಸುಪಾಸು, ಹೊಟ್ಟೆ ಗುಂಡಗೆ, ಅದರ ಅಡಿಯಲ್ಲಿ ಡಮರುಗದ ಆಕಾರದ ಕೆಂಪು ಇಲ್ಲವೇ ಕಿತ್ತಳೆ ಗುರುತು. ಕಲ್ಲಿನ ಸಂದಿ, ಸೌದೆ ರಾಶಿ, ಖಾಲಿ ಕುಂಡ, ಹೊರಗಿಟ್ಟ ಕುರ್ಚಿಯ ಅಡಿ, ಇಂಥ ಕಡೆ ಅಡ್ಡಾದಿಡ್ಡಿ ಬಲೆ ಕಟ್ಟಿಕೊಂಡಿರುತ್ತದೆ. ಮೈತುಂಬ ಕೂದಲಿರುವ ದಪ್ಪ ಟ್ಯಾರಂಟುಲಾ ಇರುವುದು ಮರದ ಪೊಟರೆ, ನೆಲದ ಬಿಲಗಳಲ್ಲಿ. ಇನ್ನು ವಾಟ್ಸಾಪ್‌ನಲ್ಲಿ ಕೊಳೆತ ಕಾಲಿನ ಫೋಟೊ ಜೊತೆ ಓಡಾಡುವ ಬ್ರೌನ್ ರೆಕ್ಲೂಸ್ ಅಮೆರಿಕದ ಜೇಡ, ಅದನ್ನು ಚಿತ್ರದುರ್ಗದ ಮನೆಗಳಲ್ಲಿ ಹುಡುಕಬೇಡಿ.

ನಿಮ್ಮ ತಂಗಿಯ ವಿಷಯಕ್ಕೆ ಬಂದರೆ, ಗೆರೆ ಎಳೆದ ಹಾಗೆ ಗುಳ್ಳೆ ಅಂದಾಗ ನನ್ನ ಮೊದಲ ಅನುಮಾನ ಪೀಡೆರಸ್ ಅನ್ನುವ ಚಿಕ್ಕ ಹುಳದ ಮೇಲೆ. ಕಿತ್ತಳೆ ಕಪ್ಪು ಬಣ್ಣ, ನೋಡಲು ಇರುವೆ ತರ, ಮಳೆಗಾಲದಲ್ಲಿ ಟ್ಯೂಬ್‌ಲೈಟಿಗೆ ಬರುತ್ತದೆ. ಅದು ಕಚ್ಚುವುದೇ ಇಲ್ಲ. ಕತ್ತಿನ ಮೇಲೆ ಕೂತಾಗ ನಾವು ಉಜ್ಜಿಬಿಡುತ್ತೇವಲ್ಲ, ಆಗ ಒಳಗಿನ ರಸ ತಾಗಿ ಒಂದೆರಡು ದಿನದಲ್ಲಿ ಚರ್ಮ ಸುಟ್ಟಂತೆ ಗುಳ್ಳೆ ಏಳುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಅಂದರೆ ಇದೇ. ಹುಳ ಕೂತರೆ ಊದಿ ಹಾರಿಸಿ, ಜಜ್ಜಿದ್ದರೆ ತಕ್ಷಣ ಸೋಪಿನಿಂದ ತೊಳೆಯಿರಿ, ಆ ಕೈ ಕಣ್ಣಿಗೆ ತಾಗಿಸಬೇಡಿ. ಗುಳ್ಳೆ ಒಂದೇ ಪಕ್ಕಕ್ಕೆ ಗುಂಪಾಗಿ, ಅದಕ್ಕೂ ಮೊದಲೇ ನೋವು ಶುರುವಾಗಿದ್ದರೆ ಅದು ಸರ್ಪಸುತ್ತು ಇರಬಹುದು. ಅದಕ್ಕೆ ಗುಳ್ಳೆ ಎದ್ದ ಮೂರು ದಿನದೊಳಗೆ ಔಷಧಿ ಶುರು ಮಾಡಿದರೆ ಒಳ್ಳೆಯದು, ಹಾಗಾಗಿ ಡಾಕ್ಟರಿಗೆ ಬೇಗ ತೋರಿಸಿ.

ಜೇಡ ಕಚ್ಚಿದ್ದನ್ನು ಕಣ್ಣಾರೆ ನೋಡಿದ್ದರೆ ಸೋಪು ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ನಿಮಿಷ ಇಡಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಕೊಯ್ಯುವುದು, ಬಾಯಿಂದ ಹೀರುವುದು, ಹಗ್ಗ ಬಿಗಿಯುವುದು, ಸುಣ್ಣ ಹಚ್ಚುವುದು ಬೇಡವೇ ಬೇಡ. ಟಿಟಿ ಇಂಜೆಕ್ಷನ್ ಹಾಕಿಸಿ ಬಹಳ ವರ್ಷ ಆಗಿದ್ದರೆ ಡಾಕ್ಟರನ್ನು ಕೇಳಿ. ನೋವು ಗಂಟೆಯೊಳಗೆ ಏರುತ್ತಾ ಹೋಗಿ ಬೆವರು, ಹೊಟ್ಟೆ ಅಥವಾ ಬೆನ್ನಿನ ಸ್ನಾಯು ಸೆಳೆತ, ವಾಂತಿ ಬಂದರೆ ಆಸ್ಪತ್ರೆಗೆ ಹೊರಡಿ. ಸಾಧ್ಯವಾದರೆ ಜೇಡದ ಫೋಟೊ ತೆಗೆದುಕೊಳ್ಳಿ.

ನನಗೆ ನಿಜಕ್ಕೂ ಹೆದರಿಕೆ ಇರುವುದು ಬೇರೆ ಕಡೆ. ನೆಲದ ಮೇಲೆ ಮಲಗಿದವರು ರಾತ್ರಿ ಏನೋ ಕಚ್ಚಿತು ಅಂತ ಎದ್ದು, ಸುಮ್ನೆ ಜೇಡ ಇರಬೇಕು ಅಂತ ಮತ್ತೆ ಮಲಗಿಬಿಡುತ್ತಾರೆ. ಕಟ್ಟುಹಾವು ಕಚ್ಚಿದರೆ ನೋವು, ಊತ ಇರುವುದೇ ಇಲ್ಲ ಅನ್ನುವಷ್ಟು ಕಡಿಮೆ, ಗುರುತೂ ಕಾಣದೆ ಹೋಗಬಹುದು. ಆಮೇಲೆ ಹೊಟ್ಟೆನೋವು, ರೆಪ್ಪೆ ಜೋಲುವುದು, ನುಂಗಲು ಕಷ್ಟ, ಕೊನೆಗೆ ಉಸಿರೇ ನಿಲ್ಲುತ್ತದೆ. ಕೆಂಪು ಚೇಳಾದರೆ ತಡೆಯಲಾರದ ನೋವಿನ ಜೊತೆ ಮೈಯೆಲ್ಲ ಬೆವರು, ಕೈಕಾಲು ತಣ್ಣಗೆ, ಮಕ್ಕಳಲ್ಲಂತೂ ಹೃದಯಕ್ಕೇ ಅಪಾಯ. ಕಚ್ಚಿದ್ದು ಏನು ಅಂತ ನೋಡಿಲ್ಲವಾ, ಹಾವು ಅಂತಲೇ ತಿಳಿದು ಬೆಳಗಾಗುವುದನ್ನು ಕಾಯದೆ 108ಕ್ಕೆ ಫೋನ್ ಮಾಡಿ. ಮಕ್ಕಳನ್ನು ನೆಲದ ಮೇಲೆ ಮಲಗಿಸುತ್ತಿದ್ದರೆ ಇವತ್ತೇ ಸೊಳ್ಳೆಪರದೆ ಕಟ್ಟಿ, ಅದರ ಅಂಚನ್ನು ಸುತ್ತಲೂ ಹಾಸಿಗೆಯ ಕೆಳಗೆ ಸಿಕ್ಕಿಸಿ.