ಯಾವ ಸಾಲು ಬರೆದರೂ ತಪ್ಪೇ ಅನ್ನಿಸಿದರೆ

ನಾನು ಆಪ್ತಸಲಹೆಗಾರ್ತಿ. ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಇಂಥ ಒಬ್ಬರಾದರೂ ನನ್ನ ಹತ್ತಿರ ಬರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಈತ ಎಂ.ಎ. ಇತಿಹಾಸದ ವಿದ್ಯಾರ್ಥಿ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಚೆನ್ನಾಗಿ ಓದುತ್ತಾನೆ, ಆದರೆ ‘ಪೂರ್ವ ವೇದಕಾಲದ ಸಮಾಜ ಮತ್ತು ಸಂಸ್ಕೃತಿ’ ಅಂತ ಪ್ರಬಂಧ ಕೇಳಿದರೆ ಅರ್ಧ ಪುಟಕ್ಕೇ ಪೆನ್ನು ನಿಲ್ಲುತ್ತದೆ. ಮರೆವು ಅಂತ ಮನೆಯವರ ತೀರ್ಮಾನ.

ಎರಡನೇ ಸಲ ಬಂದಾಗ ಅವನೇ ಹೇಳಿದ: “ಮೇಡಂ, ಯಾವ ಸಾಲು ಬರೆದ್ರೂ ಅದು ತಪ್ಪು ಅನ್ನೋ ನೋಟ್ಸ್ ನನ್ನ ಹತ್ರಾನೇ ಇದೆ.”

ತೆಗೆಸಿ ನೋಡಿದೆ. ನಿಜವೇ. ಒಂದರಲ್ಲಿ ನಾಲ್ಕು ವರ್ಣ ಇತ್ತು, ಇನ್ನೊಂದರಲ್ಲಿ ಇರಲೇ ಇಲ್ಲ. ಒಂದು ಕಡೆ ಲೋಪಾಮುದ್ರೆ, ಘೋಷಾ, ಅಪಾಲಾ ಅಂತ ಋಗ್ವೇದದ ಋಷಿಕೆಯರ ಹೆಸರು ಹೇಳಿ ಹೆಂಗಸರಿಗೆ ಭಾರೀ ಗೌರವ, ಇನ್ನೊಂದು ಕಡೆ ಗಂಡುಮಕ್ಕಳು ಬೇಕು ಅನ್ನುವ ಪ್ರಾರ್ಥನೆ. ಕಬ್ಬಿಣ, ಗಂಗಾ-ಯಮುನಾ ಬಯಲು ಕೂಡ ಅದೇ ಪುಟದಲ್ಲಿ! ವೇದದ ಜನರ ಬದುಕಿಗೆ ಅವು ಬಂದದ್ದು ಸುಮಾರು ಕ್ರಿ.ಪೂ. 1000ದ ನಂತರ, ಅಂದರೆ ಉತ್ತರ ವೇದಕಾಲದಲ್ಲಿ. ಅದಕ್ಕೂ ಹಿಂದಿನ ಐನೂರು ವರ್ಷ ಪೂರ್ವ ವೇದಕಾಲ, ಅದು ಸಪ್ತಸಿಂಧು ಪ್ರದೇಶದ್ದು, ಅಂದರೆ ಪಂಜಾಬಿನ ಕಡೆಯ ಏಳು ನದಿಗಳ ನಾಡಿನದ್ದು, ಅಲ್ಲಿ ದನವೇ ಆಸ್ತಿ, ದನಕ್ಕಾಗಿಯೇ ಕಾದಾಟ. ಎರಡು ಕಾಲವನ್ನೂ ಬೇರೆ ಹಾಳೆಗೆ ಬರೆಸಿದೆ. ಅರ್ಧ ಗೊಂದಲ ಅಲ್ಲೇ ಹೋಯಿತು.

ಉಳಿದದ್ದು ವರ್ಣ. ಋಗ್ವೇದದಲ್ಲಿ ನಾಲ್ಕೂ ಒಟ್ಟಿಗೆ ಬರುವುದು ಪುರುಷಸೂಕ್ತದಲ್ಲಿ ಮಾತ್ರ, ಅದು 10ನೇ ಮಂಡಲದ (ಭಾಗದ) 90ನೇ ಸೂಕ್ತ (ಸ್ತುತಿ), ತಡವಾಗಿ ಸೇರಿದ್ದು ಅಂತ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ, ಹಳೆಯವು 2ರಿಂದ 7ನೇ ಮಂಡಲಗಳು. 9ನೇ ಮಂಡಲದ 112ನೇ ಸೂಕ್ತದಲ್ಲಿ ಒಬ್ಬ ತಾನು ಕವಿ, ಅಪ್ಪ ವೈದ್ಯ, ಅಮ್ಮ ಕಾಳು ಬೀಸುವವಳು ಅನ್ನುತ್ತಾನೆ. ಹುಡುಗ ನಕ್ಕ. “ಒಂದೇ ಮನೇಲಿ ಮೂರು ಕಸುಬಾ ಮೇಡಂ? ಹಂಗಾದ್ರೆ ಎರಡು ನೋಟ್ಸೂ ಸರಿನಾ?”

“ಎರಡನ್ನೂ ಬರಿ, ಯಾವುದು ಎಲ್ಲಿಂದ ಬಂತು ಅಂತಾನೂ ಬರಿ. ಆ ಜಗಳಾನೇ ನಿನ್ನ ಒಂದು ಪ್ಯಾರಾ” ಅಂದೆ. ಹೊಸ ನೋಟ್ಸ್ ಕೊಳ್ಳುವುದು ಬಂದ್. ದಿನಕ್ಕೊಂದು ಪ್ರಬಂಧ, ಪುಸ್ತಕ ಮುಚ್ಚಿ, ಗಡಿಯಾರ ಮುಂದಿಟ್ಟುಕೊಂಡು.

ಆಪ್ತಸಲಹೆಗಾರರು ಟ್ಯೂಷನ್ ಮಾಡಬಾರದು, ಉಸಿರಾಟದ ಅಭ್ಯಾಸ ಹೇಳಿಕೊಟ್ಟಿದ್ದರೆ ಸಾಕಿತ್ತು ಅಂತ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಉಸಿರಾಟವನ್ನೂ ಹೇಳಿಕೊಟ್ಟಿದ್ದೆ ಸ್ವಾಮಿ! ಆದರೆ ಇವನ ಭಯಕ್ಕೆ ಕಾರಣ ಬ್ಯಾಗಿನಲ್ಲೇ ಇತ್ತು. ಅದನ್ನು ಬಿಚ್ಚದೆ ಸುಮ್ನೆ ‘ಧೈರ್ಯವಾಗಿರು’ ಅಂದರೆ, ತಪ್ಪು ತನ್ನ ತಲೆಯದ್ದೇ ಅಂತ ಅವನು ಇನ್ನೂ ಜಾಸ್ತಿ ನಂಬುತ್ತಿದ್ದ, ಅಲ್ವಾ?

ಈಗ ಮೂರು ಪುಟ ಬರೆಯುತ್ತಾನೆ. ಮುಂದಿನ ವಾರ ಹರಪ್ಪ ನಾಗರಿಕತೆಯ ನೋಟ್ಸ್ ತರ್ತೀನಿ ಅಂದ. ಅದನ್ನ ನಿಮ್ಮ ಮೇಷ್ಟ್ರ ಹತ್ರ ತಗೊಂಡು ಹೋಗಪ್ಪಾ ಅಂದೆ.