ಬೆಂಗಳೂರಿನಲ್ಲಿ ಆಲಿಕಲ್ಲು ಬೀಳುತ್ತದೆ, ಹಿಮವೇಕೆ ಬೀಳುವುದಿಲ್ಲ?

ಸುಡುವ ಏಪ್ರಿಲ್‌ನಲ್ಲಿ ಆಲಿಕಲ್ಲು ಸುರಿಸುವ ನಮ್ಮ ಆಕಾಶ ಜನವರಿಯ ಚಳಿಯಲ್ಲಿ ಒಂದು ಹಿಡಿ ಹಿಮವನ್ನಾದರೂ ಏಕೆ ಉದುರಿಸುವುದಿಲ್ಲ ಎಂದು ತಾವು ಕೇಳಿದ್ದೀರಿ. ವಾಸ್ತವವಾಗಿ ಹಿಮ ಬೆಂಗಳೂರಿನ ನೆತ್ತಿಯ ಮೇಲೂ ಹುಟ್ಟುತ್ತದೆ. ನೆಲ ಮುಟ್ಟುವಷ್ಟರಲ್ಲಿ ನೀರಾಗಿರುತ್ತದೆ.

ಮೇಲೇರಿದಂತೆ ಪ್ರತಿ ಕಿಲೋಮೀಟರಿಗೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಉಷ್ಣತೆ ಇಳಿಯುವುದರಿಂದ, ಸಮುದ್ರಮಟ್ಟದಿಂದ ಸುಮಾರು 5 ಕಿಲೋಮೀಟರ್ ಎತ್ತರದಲ್ಲಿ ಗಾಳಿ ಸೊನ್ನೆ ಡಿಗ್ರಿಗೆ ಬಂದಿರುತ್ತದೆ. ಅದನ್ನೂ ದಾಟಿ ಬೆಳೆದ ಗುಡುಗುಮೋಡದಲ್ಲಿ ಆರು ಮೂಲೆಯ ಹಿಮಹರಳುಗಳು ಕಟ್ಟಿಕೊಂಡರೂ, ಸೆಕೆಂಡಿಗೆ ಒಂದು ಮೀಟರಿನ ಆಸುಪಾಸಿನ ನಿಧಾನಗತಿಯಲ್ಲಿ ಇಳಿಯುವ ಅವು ಕೆಳಗಿನ ಬೆಚ್ಚನೆಯ ಗಾಳಿಯಲ್ಲಿ ಕರಗಿ, ನಮ್ಮ ಕೊಡೆಯ ಮೇಲೆ ಬರೀ ಮಳೆಹನಿಗಳಾಗಿ ಬೀಳುತ್ತವೆ.

ಹಾಗಾದರೆ ಚಳಿಗಾಲದಲ್ಲಾದರೂ ಬೀಳಬಾರದೇಕೆ? ನಗರದ ಅತಿ ಕಡಿಮೆ ಉಷ್ಣತೆಯ ದಾಖಲೆ 1884ರ ಜನವರಿ 13ರದು, 7.8 ಡಿಗ್ರಿ, ಹಿಮ ನಿಲ್ಲಲು ಅದೂ ಸಾಲದು. ಅಲ್ಲದೆ ಇಲ್ಲಿ ಮೈ ನಡುಗಿಸುವ ರಾತ್ರಿಗಳು ಸಾಮಾನ್ಯವಾಗಿ ಮೋಡವಿಲ್ಲದ ರಾತ್ರಿಗಳು, ಏಕೆಂದರೆ ಹೊದಿಕೆಯಂತಿರುವ ಮೋಡ ಸರಿದಾಗಲೇ ನೆಲದ ಕಾವು ಬೇಗ ಆಕಾಶಕ್ಕೆ ಸೋರಿಹೋಗುತ್ತದೆ. ಬೆಳಗಿನ ವಿಮಾನಗಳನ್ನು ತಡಮಾಡಿಸುವ ಮಂಜನ್ನೂ ಹಿಮಾಲಯದಲ್ಲಿ ಬೀಳುವುದನ್ನೂ ನಾವು ಒಂದೇ ಹೆಸರಿನಿಂದ ಕರೆಯುವುದು ಗೊಂದಲವನ್ನು ಹೆಚ್ಚಿಸಿದೆ ಎಂಬುದು ನನ್ನ ಅನಿಸಿಕೆ. ಮೊದಲನೆಯದು ನೆಲಕ್ಕಿಳಿದ ಮೋಡವಷ್ಟೆ, ಅದರಲ್ಲಿರುವುದು ನೀರಿನ ಸಣ್ಣ ಹನಿಗಳು.

ಆಲಿಕಲ್ಲಿನ ಜಾಯಮಾನವೇ ಬೇರೆ. ಬಿಸಿಲಿಗೆ ಕಾದ ಗಾಳಿ ರಭಸದಿಂದ ಮೇಲೆ ನುಗ್ಗುವಾಗ ಮಂಜುಗಡ್ಡೆಯ ಕಾಳೊಂದನ್ನು ಮೋಡದಲ್ಲಿಯೇ ಎತ್ತಿ ಹಿಡಿಯುತ್ತದೆ. ಸೊನ್ನೆಗಿಂತ ಕೆಳಗಿಳಿದರೂ ಹೆಪ್ಪುಗಟ್ಟದೆ ಉಳಿದ ಹನಿಗಳು ಅದಕ್ಕೆ ತಗುಲಿದೊಡನೆ ಗಡ್ಡೆಕಟ್ಟುತ್ತವೆ. ಗಾಳಿ ಹೊರಲಾರದಷ್ಟು ಭಾರವಾದಾಗ ಅದು ಬೀಳುತ್ತದೆ. ಗೋಲಿ ಗಾತ್ರದ ಕಲ್ಲು ಸೆಕೆಂಡಿಗೆ 10 ಮೀಟರಿಗೂ ಹೆಚ್ಚಿನ ವೇಗದಲ್ಲಿ ಬರುವುದರಿಂದ ಅದಕ್ಕೆ ಪೂರ್ತಿ ಕರಗಲು ಪುರಸೊತ್ತೇ ಸಿಗುವುದಿಲ್ಲ.

ಒಮ್ಮೆ ನಮ್ಮ ತಾರಸಿಯ ತಗಡಿನ ಮೇಲೆ ಸದ್ದುಮಾಡಿ ಉರುಳಿದ ಒಂದನ್ನು ಸ್ಟೀಲ್ ಲೋಟದಲ್ಲಿ ಹಿಡಿದು, ಅಡುಗೆಮನೆಯ ಚಾಕುವಿನಿಂದ ಅವಸರವಾಗಿ ಸೀಳಿ ನೋಡಿದ್ದೆ. ಈರುಳ್ಳಿಯಂತೆ ಪದರಗಳಿದ್ದವು: ನಡುವೆ ಹಾಲುಬಿಳುಪು, ಸುತ್ತ ಗಾಜಿನಂಥ ಉಂಗುರ, ಮತ್ತೆ ಬಿಳುಪು. ನೀರು ನಿಧಾನವಾಗಿ ಹೆಪ್ಪುಗಟ್ಟಿದಲ್ಲಿ ಗಾಳಿಗುಳ್ಳೆಗಳು ಹೊರಬಿದ್ದು ಪದರ ತಿಳಿಯಾಗುತ್ತದೆ. ಥಟ್ಟನೆ ಹೆಪ್ಪುಗಟ್ಟಿದಲ್ಲಿ ಅವು ಒಳಗೇ ಸಿಕ್ಕಿಕೊಂಡು, ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸಿ ಬೆಳ್ಳಗೆ ಕಾಣುತ್ತವೆ. ಹಿಮದ ರಾಶಿ ಬೆಳ್ಳಗಿರುವುದೂ ಬೆಳಕು ಹೀಗೆ ಚದುರುವುದರಿಂದಲೇ. ಅದರ ಒಂದೊಂದು ಹರಳಿಗೂ ಸ್ವಂತ ಬಣ್ಣವೇ ಇಲ್ಲ.